ಹಳ್ಳದ ದಂಡೆಯ ಬಿಡಾರ

ಕನ್ನಡದಲ್ಲಿ ‘ಬೀಡು’ ಎಂಬುದು ಬಹಳ ಹಳೆಯ ಮಾತು. ದಂಡು ನಡುದಾರಿಯಲ್ಲಿ ಇಳಿದುಕೊಂಡ ಜಾಗ ಬೀಡು. ಅರಸನು ನೆಲೆಯಾಗಿ ನಿಂತ ಜಾಗ ನೆಲೆವೀಡು. ಬಿಡದಿ, ಬಿಡಾರ ಎಂಬ ಮಾತುಗಳೂ ಇದೇ ಬಳಗದವು. ಹಾಸನ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರವೇ ಕಾಲಾಂತರದಲ್ಲಿ ಜನರ ಬಾಯಲ್ಲಿ ಹಳೇಬೀಡು ಆಯಿತು. ದೋರಸಮುದ್ರ ಎಂಬ ಮೊದಲ ಹೆಸರಾದರೂ ಒಂದು ಕೆರೆಯ ಹೆಸರೇ. ಆ ಕೆರೆಯ ನೀರು ಹೊಯ್ಸಳೇಶ್ವರ ದೇವಾಲಯದ ಸಮೀಪದಲ್ಲಿ ಇಂದಿಗೂ ಹರಡಿಕೊಂಡಿದೆ. ನೀರನ್ನು ಕಂಡಲ್ಲಿ ಬೀಡು ಬಿಡುವುದು ಮನುಷ್ಯನ ಹುಟ್ಟುಗುಣ. ಕುರಿಮಂದೆಯೊಡನೆ ಊರೂರು ಸುತ್ತುವವರು ಇಳಿಯುವುದೂ, ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೊರಟ ನಮ್ಮ ಹಿರಿಯರು ಎತ್ತುಗಳನ್ನು ಬಿಚ್ಚುತ್ತಿದ್ದುದೂ ಕೆರೆಯ ಬಳಿಯಲ್ಲಿ, ಇಲ್ಲವೆ ಹೊಳೆಯ ದಂಡೆಯಲ್ಲಿ.

ಅವರಿಗೆ ಅದು ಪ್ರಯಾಣದ ಅಗತ್ಯವಾಗಿತ್ತು. ಬರಿಯ ಸಂತೋಷಕ್ಕಾಗಿ ಮನೆಯನ್ನು ಬಿಟ್ಟು ಬಯಲಿಗೆ ಹೋಗುವ ವಾಡಿಕೆಯೂ ನಮ್ಮಲ್ಲಿ ಹೊಸದೇನಲ್ಲ. ಮಹಾಕಾವ್ಯದಲ್ಲಿ ಇರಬೇಕೆಂದು ಲಾಕ್ಷಣಿಕರು ಹೇಳಿದ ಹದಿನೆಂಟು ವರ್ಣನೆಗಳಲ್ಲಿ ವನವಿಹಾರ, ಜಲಕ್ರೀಡೆಗಳೂ ಸೇರಿವೆ. ಅರಮನೆಯವರ ಮಾತು ಹಾಗಿರಲಿ. ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದ ಕೆಳಗೆ ಎಲೆ ಹಾಕಿ ಉಣ್ಣುವ ವನಭೋಜನ, ಹೊಳೆಯ ಮರಳಿನ ಮೇಲಿನ ಬೆಳದಿಂಗಳ ಊಟ, ಇವು ಸಾಮಾನ್ಯರ ಮನೆಗಳಲ್ಲಿಯೂ ನಡೆದು ಬಂದಿವೆ. ಮನೆಯಲ್ಲಿ ಸಪ್ಪಗೆ ಕಾಣುವ ಮೊಸರನ್ನವು ಹೊಳೆಯ ದಂಡೆಯಲ್ಲಿ ಏಕೆ ಅಷ್ಟು ರುಚಿಯಾಗುತ್ತದೆ ಎಂಬುದನ್ನು ಯಾವ ಪಾಕಶಾಸ್ತ್ರವೂ ವಿವರಿಸಿದಂತಿಲ್ಲ.

ಮಕ್ಕಳಿಗೆ ಬಿಡಾರದ ಬದುಕೇ ಒಂದು ಶಿಕ್ಷಣವಾಗಬಲ್ಲದೆಂದು ಕಂಡುಕೊಂಡವರಲ್ಲಿ ಬೇಡನ್ ಪೊವೆಲ್ ಮುಖ್ಯರು. ಅವರು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಸುಮಾರು ಇಪ್ಪತ್ತು ಮಂದಿ ಹುಡುಗರೊಡನೆ ಡೇರೆಗಳಲ್ಲಿ ವಾಸಮಾಡಿದರು. ಸಿರಿವಂತರ ಮಕ್ಕಳೂ ದುಡಿಯುವವರ ಮಕ್ಕಳೂ ಅಲ್ಲಿ ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿದರು. ಆ ಒಂದು ವಾರದ ಪ್ರಯೋಗದಿಂದ ಸ್ಕೌಟ್ ಚಳವಳಿ ಬೆಳೆಯಿತು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಅದು ಬೆಂಗಳೂರಿಗೂ ಬಂದಿತು. ಭಾರತದಲ್ಲಿ ಅದರ ಮೊದಲ ಹೆಜ್ಜೆ ಅದೇ. ಇಂದು ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಲ್ಲಿ, ಗುಡ್ಡದ ಮಗ್ಗುಲಲ್ಲಿರುವ ಕೆರೆಯ ಬಳಿ, ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ತರಬೇತಿ ಕೇಂದ್ರವಿದೆ. ಗಂಟು ಹಾಕುವುದು, ಗುಡಾರ ಕಟ್ಟುವುದು, ದಿಕ್ಕು ಅರಿಯುವುದು ಮೊದಲಾದುವನ್ನು ಅಲ್ಲಿ ಕಲಿತ ಮಕ್ಕಳು ನಾಡಿನ ಎಲ್ಲ ಕಡೆಗಳಲ್ಲಿಯೂ ಇದ್ದಾರೆ.

ಕೊಂಡಜ್ಜಿಯದು ಬಯಲುಸೀಮೆಯ ಕೆರೆ. ಅಲ್ಲಿ ನೀರು ನಿಂತಿರುತ್ತದೆ. ನಿನ್ನೆ ಇದ್ದಲ್ಲಿಯೇ ಇಂದೂ ಇರುತ್ತದೆ. ನೀರು ಒಂದೇ ಸಮನೆ ಓಡುತ್ತಿರುವ ಮಲೆನಾಡಿನಲ್ಲಿ ಬಿಡಾರ ಹೂಡುವುದು ಬೇರೆಯೇ ವಿದ್ಯೆ. ಆ ವಿದ್ಯೆಯನ್ನು ಕಲಿಯಲು ಸಕಲೇಶಪುರದ ಪಶ್ಚಿಮಕ್ಕೆ, ಹೊಂಗಡಹಳ್ಳದ ಕಡೆಗೆ ಹೋಗಬೇಕು.

ಹೆಸರನ್ನು ಗಮನಿಸಿರಿ. ಅದು ಹೊಂಗಡಹಳ್ಳಿಯಲ್ಲ, ಹೊಂಗಡಹಳ್ಳ. ಊರಿಗೂ ನೀರಿಗೂ ಅಲ್ಲಿ ಒಂದೇ ಹೆಸರು. ಬೆಟ್ಟದ ಇಳಿಜಾರಿನಲ್ಲಿ ಕಾಫಿ, ಏಲಕ್ಕಿ, ಮೆಣಸಿನ ತೋಟಗಳು, ತಗ್ಗಿನಲ್ಲಿ ಗದ್ದೆಗಳು, ಮನೆಗಳು ಒಂದಕ್ಕೊಂದು ಕೂಗಳತೆಯಲ್ಲಿಯೂ ಇಲ್ಲ. ಅವುಗಳಾಚೆ ಕೆಂಪುಹೊಳೆಯ ದಟ್ಟವಾದ ಕಾಡು, ದಕ್ಷಿಣಕ್ಕೆ ಬಿಸಿಲೆಯ ಕಾಡು. ಬಿಸಿಲೆಯ ನೋಟದ ಕಟ್ಟೆಯ ಮೇಲೆ ನಿಂತರೆ ಆಳವಾದ ಕಣಿವೆಯಾಚೆ 1,712 ಮೀಟರ್ ಎತ್ತರದ ಕುಮಾರಪರ್ವತ ಕಾಣುತ್ತದೆ. ಅಂದರೆ ಮೋಡ ಒಪ್ಪಿದ ದಿನ ಕಾಣುತ್ತದೆ.

ಸಕಲೇಶಪುರದಿಂದ ಬಿಸಿಲೆಗೆ ಹೋಗುವ ದಾರಿಯ ಪಕ್ಕದಲ್ಲಿ ಒಂದು ಕಲ್ಲನ್ನು ನೆಟ್ಟಿದ್ದಾರೆ. ಅದರ ಒಂದು ಮಗ್ಗುಲಿಗೆ ಬಂಗಾಳ ಕೊಲ್ಲಿಯೆಂದೂ ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರವೆಂದೂ ಬರೆದಿದೆ. ಕಲ್ಲಿನ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿಯನ್ನು ಸೇರಿ, ಕೃಷ್ಣರಾಜಸಾಗರವನ್ನು ಹೊಕ್ಕು, ಕಾವೇರಿಯಾಗಿ ಪೂರ್ವದ ಕಡಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದ ಮಳೆ ಗುಂಡ್ಯ ಹೊಳೆ, ಕುಮಾರಧಾರೆಗಳ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಬಳಿ ಸಮುದ್ರಕ್ಕೆ ಬೀಳುತ್ತದೆ. ಹೊಂಗಡಹಳ್ಳದ ನೀರು ಈ ಎರಡನೆಯ ದಾರಿಯದು. ಇಲ್ಲಿ ಹಳ್ಳದಲ್ಲಿ ಕೈ ಅದ್ದಿದವನು ಮಂಗಳೂರಿನವರೆಗಿನ ಜನರ ನೀರಿನಲ್ಲಿ ಕೈ ಅದ್ದಿದಂತಾಯಿತು.

ನಾನು ಅಧ್ಯಾಪಕನಾಗಿದ್ದ ದಿನಗಳಲ್ಲಿ ಒಮ್ಮೆ, ನವೆಂಬರ್ ತಿಂಗಳಿನಲ್ಲಿ, ಒಂಬತ್ತನೆಯ ತರಗತಿಯ ಇಪ್ಪತ್ತೆರಡು ಮಂದಿ ವಿದ್ಯಾರ್ಥಿಗಳೊಡನೆ ಆ ಕಡೆಗೆ ಹೋಗಿ ಎರಡು ರಾತ್ರಿ ತಂಗಿದ್ದೆವು. ಕಾಯ್ದಿಟ್ಟ ಅರಣ್ಯದೊಳಕ್ಕೆ ನಾವು ಕಾಲಿಡಲಿಲ್ಲ. ಕಾಡಿನಂಚಿನ ಒಂದು ತೋಟದವರನ್ನು ಮೊದಲೇ ಕೇಳಿಕೊಂಡು, ಅವರ ಜಮೀನಿನಲ್ಲಿ ಹಳ್ಳದ ಪಕ್ಕದ ಜಾಗವನ್ನು ಗೊತ್ತುಮಾಡಿಕೊಂಡಿದ್ದೆವು. ಬಸ್ಸಿನಿಂದ ಇಳಿದದ್ದೇ ತಡ, ವಿದ್ಯಾರ್ಥಿಗಳೆಲ್ಲ ಹಳ್ಳದ ತಿರುವಿನಲ್ಲಿದ್ದ ಮರಳಿನ ದಿಬ್ಬದ ಮೇಲೆ ಚೀಲಗಳನ್ನು ಇಳಿಸಿಬಿಟ್ಟರು. ಮೆತ್ತನೆಯ ಮರಳು, ಸಮತಟ್ಟಾದ ಜಾಗ, ಹತ್ತು ಹೆಜ್ಜೆಗೆ ನೀರು, ಇನ್ನೇನು ಬೇಕು? ಕಂಬಳಿ ಹೊದ್ದು ನಮ್ಮನ್ನೇ ನೋಡುತ್ತ ನಿಂತಿದ್ದ ಊರಿನ ಹಿರಿಯ ಗೌಡರೊಬ್ಬರು ಸಾವಕಾಶವಾಗಿ ಹತ್ತಿರಕ್ಕೆ ಬಂದರು.

“ಮಕ್ಕಳೇ, ಜಾಗ ಏನೋ ಚೆನ್ನಾಗೈತೆ. ಈ ಮರಳನ್ನ ಇಲ್ಲಿ ಹಾಸಿದೋರು ಯಾರು ಅಂತ ಕೇಳ್ಕೊಂಡ್ರಾ?” ಎಂದರು.

ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ಗೌಡರು ತಮ್ಮ ಕೋಲನ್ನೆತ್ತಿ ಹಳ್ಳದ ಮೇಲೆ ಬಾಗಿದ್ದ ಒಂದು ಕೊಂಬೆಯನ್ನು ತೋರಿಸಿದರು. ನಮ್ಮ ತಲೆಗಿಂತ ಎತ್ತರದಲ್ಲಿದ್ದ ಆ ಕೊಂಬೆಗೆ ಒಣಗಿದ ಹುಲ್ಲು, ಬೇರು, ತರಗೆಲೆಗಳು ಬಟ್ಟೆ ಹಿಂಡಿ ಸುತ್ತಿದಂತೆ ಸುತ್ತಿಕೊಂಡಿದ್ದುವು. “ಆಷಾಢದಾಗೆ ಹಳ್ಳ ಅಲ್ಲೀತನಕ ಬಂದಿತ್ತು. ಈಗ ಅಷ್ಟು ಬರಾಕಿಲ್ಲ. ಆದರೂ ಮೇಷ್ಟ್ರೇ, ಇಲ್ಲಿ ಮೋಡ ಕಾಣದಿದ್ದರೂ ಹಳ್ಳ ಬರ್ತದೆ. ಮಳೆ ಮೇಲೆ ಬೆಟ್ಟದಾಗೆ ಹುಯ್ಯೋದು, ನೀರು ಇಲ್ಲಿ ಬರೋದು” ಎಂದರು.

ಚೀಲಗಳು ಮತ್ತೆ ಹೆಗಲೇರಿದುವು. ಹಳ್ಳದಿಂದ ಮೇಲಕ್ಕೆ, ಸಣ್ಣ ಏರಿನ ತಲೆಯ ಮೇಲೆ ಗುಡಾರಗಳನ್ನು ಹಾಕಿದೆವು. ಅಡುಗೆಯ ಒಲೆಯನ್ನು ಮಾತ್ರ ಮರಳಿನ ಮೇಲೆಯೇ ಹೂಡಿದೆವು. ಅಂದು ರಾತ್ರಿ ನಮ್ಮ ತಲೆಯ ಮೇಲೆ ನಕ್ಷತ್ರಗಳಿದ್ದುವು. ಬೆಟ್ಟದ ದಿಕ್ಕಿನಲ್ಲಿ ದೂರದಲ್ಲೆಲ್ಲೋ ಮಿಂಚುತ್ತಿತ್ತು. ನಡುರಾತ್ರಿಯ ಹೊತ್ತಿಗೆ ಹಳ್ಳದ ದನಿ ಬದಲಾಯಿತು. ಸಂಜೆಯಿಂದ ಗುಣುಗುಣಿಸುತ್ತಿದ್ದುದು ಈಗ ಗಂಟಲು ದಪ್ಪ ಮಾಡಿಕೊಂಡು ಮಾತನಾಡುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ನೀರು ಆಗಲೇ ಇಳಿದಿತ್ತು. ಮರಳಿನ ದಿಬ್ಬ ಒದ್ದೆಯಾಗಿ, ಹೊಸದಾಗಿ ಬಾಚಿದಂತೆ ಗೆರೆಗೆರೆಯಾಗಿತ್ತು. ಒಲೆಯ ಮೂರು ಕಲ್ಲುಗಳೂ ಇರಲಿಲ್ಲ. ನಮ್ಮ ಗುಡಾರಗಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಘಟ್ಟದ ಹಳ್ಳಗಳ ಸ್ವಭಾವವೇ ಹೀಗೆ. ಇಳಿಜಾರು ಕಡಿದಾದುದು, ಪಾತ್ರ ಕಿರಿದು; ಆದುದರಿಂದ ಮೇಲೆ ಸುರಿದ ನೀರು ಕೆಲವೇ ಗಳಿಗೆಗಳಲ್ಲಿ ಕೆಳಗೆ ಬಂದು ಮುಟ್ಟುತ್ತದೆ. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಬಗ್ಗಡವಾದರೆ, ತರಗೆಲೆ ಕಡ್ಡಿಗಳು ಗುಂಪಾಗಿ ತೇಲಿಬಂದರೆ, ಮೊರೆತ ದಪ್ಪವಾದರೆ ಆ ಕ್ಷಣವೇ ದಂಡೆಯನ್ನು ಬಿಟ್ಟು ಮೇಲಕ್ಕೆ ಹತ್ತಬೇಕು; ಬಟ್ಟೆ, ಪಾತ್ರೆ, ಪಾದರಕ್ಷೆಗಳ ಯೋಚನೆ ಆಮೇಲೆ. ಮಲೆನಾಡಿನ ಹೊಳೆಗಳಲ್ಲಿ ಪ್ರತಿವರ್ಷವೂ ಪ್ರವಾಸಿಗಳು ಪ್ರಾಣ ಕಳೆದುಕೊಳ್ಳುತ್ತಾರೆ. ಅವರಲ್ಲಿ ಈಜು ಬಲ್ಲವರೂ ಇರುತ್ತಾರೆ. ಪಾಚಿ ಹಿಡಿದ ಬಂಡೆಯ ಮೇಲೆ ಕಾಲು ಜಾರಿದವನಿಗೆ ಈಜು ನೆರವಾಗುವುದು ಕಡಮೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಈ ಬೆಟ್ಟಗಳಲ್ಲಿ ಬಿಡಾರದ ಮಾತನ್ನೇ ಎತ್ತಬಾರದು. ಇಲ್ಲಿ ನೆಲವೇ ಕುಸಿಯುವುದುಂಟು. 2018ರ ಆಗಸ್ಟ್‌ನಲ್ಲಿಯೂ 2024ರ ಜುಲೈನಲ್ಲಿಯೂ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದ ಮೇಲೆ ಗುಡ್ಡ ಜಾರಿ ಸಂಚಾರ ನಿಂತುಹೋಗಿತ್ತು.

ಗುಡಾರಕ್ಕೆ ಜಾಗ ಹುಡುಕುವಾಗ ನೀರನ್ನು ನೋಡಿದಂತೆಯೇ ತಲೆಯೆತ್ತಿ ಮೇಲೆಯೂ ನೋಡಬೇಕು. ಒಣಗಿದ ಕೊಂಬೆಯ ಕೆಳಗೆ ಮಲಗಬಾರದು. ನೆಲದಲ್ಲಿ ಇರುವೆಯ ಸಾಲು, ಕಾಡುಪ್ರಾಣಿಗಳು ನಡೆದು ಸವೆದ ಹಾದಿ ಇದ್ದರೆ ಆ ಜಾಗ ಆಗಲೇ ಇನ್ನೊಬ್ಬರದಾಗಿದೆ ಎಂದು ತಿಳಿಯಬೇಕು. ತೇವವಿರುವ ಕಡೆಯಲ್ಲೆಲ್ಲ ಇಂಬಳಗಳಿರುತ್ತವೆ. ಬಯಲುಸೀಮೆಯ ಹುಡುಗರು ಅವನ್ನು ಕಂಡು ಹೌಹಾರುವುದುಂಟು. ಊರಿನವರು ಸ್ವಲ್ಪ ಸುಣ್ಣವನ್ನೋ ಉಪ್ಪನ್ನೋ ಮುಟ್ಟಿಸಿ ಮಾತು ಮುಂದುವರಿಸುತ್ತಾರೆ. ಬೇಸಗೆಯಲ್ಲಿ ಕಾಡಿನ ಉಣುಗುಗಳ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಅವೇ.

ಇನ್ನು ಹಳ್ಳದ ನೀರಿನ ಮಾತು. ಹೊಂಗಡಹಳ್ಳದಂಥ ಊರಿನಲ್ಲಿ ಹಳ್ಳವೆಂದರೆ ಯಾರಿಗೂ ಸೇರದ ನೀರಲ್ಲ. ಮೇಲಿನ ಮನೆಯವರು ಪೈಪು ಹಾಕಿ ಅದನ್ನು ಅಡುಗೆಮನೆಗೆ ತಂದುಕೊಂಡಿರುತ್ತಾರೆ. ಕೆಳಗಿನ ಮನೆಯ ಗದ್ದೆಗೂ ದನಕರುಗಳಿಗೂ ಅದೇ ಆಧಾರ. ನಮ್ಮ ವಿದ್ಯಾರ್ಥಿಯೊಬ್ಬನು ಮೊದಲ ದಿನ ಸೋಪು ಹಿಡಿದು ಹಳ್ಳಕ್ಕೆ ಇಳಿಯಹೊರಟಾಗ ಗೌಡರು, “ಅಪ್ಪಾ, ಕೆಳಗಿನ ಮನೇಲಿ ಈಗ ಅನ್ನಕ್ಕೆ ಎಸರಿಡೋ ಹೊತ್ತು” ಎಂದಷ್ಟೇ ಹೇಳಿದರು. ಹುಡುಗ ಸೋಪನ್ನು ಚೀಲಕ್ಕೆ ಹಾಕಿದವನು ಮತ್ತೆ ತೆಗೆಯಲಿಲ್ಲ. ನೀರನ್ನು ಕೊಡದಲ್ಲಿ ತುಂಬಿಕೊಂಡು, ಹಳ್ಳದಿಂದ ನೂರು ಹೆಜ್ಜೆಯಾದರೂ ದೂರ ಹೋಗಿ ಮೈ ತೊಳೆಯುವುದು, ಪಾತ್ರೆ ಬೆಳಗುವುದು ಸರಿಯಾದ ಕ್ರಮ. ಪಾತ್ರೆಗೆ ಬೂದಿಯೇ ಸಾಕು. ಬಹಿರ್ದೆಸೆಗೂ ಅಷ್ಟೇ ದೂರ ಹೋಗಿ, ಗೇಣುದ್ದ ಗುಣಿ ತೋಡಿ, ಮಣ್ಣು ಮುಚ್ಚಬೇಕು. ಇದನ್ನು ಪಾಠದಲ್ಲಿ ಬರೆಯಲು ಸಂಕೋಚವೇಕೆ? ಎಷ್ಟೋ ಬಿಡಾರಗಳು ಹೊಲಸಾಗುವುದು ಈ ಸಂಕೋಚದಿಂದಲೇ.

ಮನುಷ್ಯರಲ್ಲದೆ ಈ ನೀರಿಗೆ ಬೇರೆ ವಾರಸುದಾರರೂ ಇದ್ದಾರೆ. ಫ್ರಾನ್ಸಿನ ಪ್ರಾಣಿವಿಜ್ಞಾನಿ ಅಲೇನ್ ದ್ಯುಬ್ವಾ ಅವರು 1986ರಲ್ಲಿ ಒಂದು ಪುಟ್ಟ ಕಪ್ಪೆಯನ್ನು ಹೊಸ ಜಾತಿಯೆಂದು ವಿವರಿಸಿ, ಅದಕ್ಕೆ ಗುಂಡ್ಯದ ಹೆಸರನ್ನಿಟ್ಟರು. ಅದು ದೊರೆತದ್ದು ಇದೇ ಕೆಂಪುಹೊಳೆಯ ಕಾಡಿನಲ್ಲಿ. ಈ ಬಳಗದ ಕಪ್ಪೆಗಳ ಮರಿಗಳು ಉಳಿದ ಕಪ್ಪೆಮರಿಗಳಂತೆ ನೀರಿನಲ್ಲಿ ಮುಳುಗಿ ಬೆಳೆಯುವುದಿಲ್ಲ. ಹಳ್ಳದ ಪಕ್ಕದ ಬಂಡೆಗಳ ಮೇಲೆ ನೀರು ತೆಳುವಾಗಿ ಜಿನುಗುವ ಕಡೆ ಅಂಟಿಕೊಂಡು ಬೆಳೆಯುತ್ತವೆ. ನಾವು ಬಟ್ಟೆ ಒಗೆಯಲು ಒಳ್ಳೆಯ ಕಲ್ಲೆಂದುಕೊಳ್ಳುವ ಬಂಡೆಯೇ ಅವುಗಳ ತೊಟ್ಟಿಲು. ಕಪ್ಪೆಯ ಚರ್ಮವು ತೆಳ್ಳಗಿದ್ದು, ನೀರಿನಲ್ಲಿ ಬೆರೆತದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಸೋಪಿನ ನೊರೆಯೂ ಅದಕ್ಕೆ ಹೊರತಲ್ಲ. ಈ ಹಳ್ಳಗಳನ್ನು ಏನು ಮಾಡಬೇಕೆಂಬುದು ನಾಡಿನ ದೊಡ್ಡ ಚರ್ಚೆಯೂ ಆಗಿದೆ. ಗುಂಡ್ಯ ಜಲವಿದ್ಯುತ್ ಯೋಜನೆಗಾಗಿ ಇಲ್ಲಿನ ನೀರನ್ನು ತಿರುಗಿಸುವ ಪ್ರಸ್ತಾಪ ಬಂದಾಗ, ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞರ ಸಮಿತಿಯು 2011ರ ವರದಿಯಲ್ಲಿ ಅದಕ್ಕೆ ಅನುಮತಿ ಕೊಡಬಾರದೆಂದಿತು. ನೆರೆಯ ಎತ್ತಿನಹೊಳೆಯ ನೀರನ್ನು ಪೂರ್ವದ ಒಣ ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಬಾಯಾರಿದ ಕೋಲಾರದವರ ಮಾತಿಗೂ ಘಟ್ಟದ ಜನರ ಆತಂಕಕ್ಕೂ ತೂಕವಿದೆ. ದೊಡ್ಡವರಾದ ಮೇಲೆ ನೀವೂ ಇದರಲ್ಲಿ ಒಂದು ಪಕ್ಷ ಹಿಡಿಯಬೇಕಾದೀತು; ಅದಕ್ಕೆ ಮೊದಲು ಒಂದು ಹಳ್ಳದ ಪಕ್ಕದಲ್ಲಿ ಒಂದು ರಾತ್ರಿ ಕಳೆದಿರುವುದು ಒಳ್ಳೆಯದು.

ಬಿಡಾರವೆಂದರೆ ಬೆಂಕಿ ಇರಲೇಬೇಕೆಂದು ಹುಡುಗರ ನಂಬಿಕೆ. ಅದೂ ಆಳೆತ್ತರದ ಬೆಂಕಿ! ನನ್ನ ಅನುಭವ ಬೇರೆ. ಬೆಂಕಿ ದೊಡ್ಡದಾದಷ್ಟೂ ಜನ ದೂರ ದೂರ ಸರಿಯುತ್ತಾರೆ. ಚಿಕ್ಕದಾದರೆ ಒಬ್ಬರಿಗೊಬ್ಬರು ಒತ್ತಿ ಕೂಡುತ್ತಾರೆ, ಕಥೆಗಳೂ ಹೊರಡುತ್ತವೆ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು ಅಪರಾಧ. ಜಮೀನಿನವರ ಒಪ್ಪಿಗೆಯಿರುವ ಕಡೆಯಲ್ಲಿಯೂ ಹುಲ್ಲು ಕೆತ್ತಿದ ಬರಿ ನೆಲದ ಮೇಲೆ, ಬಿದ್ದ ಕಡ್ಡಿಗಳಿಂದಲೇ ಉರಿ ಮಾಡಬೇಕು; ಮಲಗುವ ಮುನ್ನ ಬೂದಿಯೊಳಗೆ ಕೈ ಇಟ್ಟರೂ ಸುಡದಷ್ಟು ನೀರು ಹುಯ್ಯಬೇಕು.

ಇಷ್ಟು ಎಚ್ಚರ ಏಕೆಂದರೆ ಈ ಬೆಟ್ಟಗಳ ನೆತ್ತಿಯ ಮೇಲಿರುವುದು ಹುಲ್ಲುಗಾವಲು. ಇಳಿಜಾರಿನ ಮಡಿಕೆಗಳಲ್ಲಿ ಮಾತ್ರ ಗುಂಪು ಗುಂಪಾಗಿ ಶೋಲೆ ಕಾಡು. ಮಳೆಗಾಲದ ನೀರನ್ನು ಈ ಹುಲ್ಲಿನ ಬೇರುಗಳೂ ಶೋಲೆಯ ಮೆತ್ತನೆಯ ಮಣ್ಣೂ ಹೀರಿಟ್ಟುಕೊಂಡು, ಮಳೆ ನಿಂತ ಮೇಲೆ ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ಬಿಡುತ್ತವೆ. ಮಾರ್ಚ್ ತಿಂಗಳಿನಲ್ಲಿಯೂ ಹಳ್ಳದಲ್ಲಿ ನೀರು ಹರಿಯುವುದು ಆ ಉಳಿತಾಯದಿಂದ. ಆದರೆ ಫೆಬ್ರವರಿಯ ಹೊತ್ತಿಗೆ ಹುಲ್ಲು ಒಣಗಿ ಹಂಜಿಯಂತಾಗಿರುತ್ತದೆ. ಅರ್ಧ ಸೇದಿ ಎಸೆದ ಒಂದು ಸಿಗರೇಟು, ಗಾಳಿಗೆ ಹಾರಿದ ಒಂದು ಕಿಡಿ, ಇಷ್ಟಾದರೆ ಗುಡ್ಡದ ಒಂದು ಮಗ್ಗುಲೇ ಕಪ್ಪಾಗುತ್ತದೆ. ಬೆಂಕಿಯು ಶೋಲೆಯ ಅಂಚನ್ನು ವರ್ಷ ವರ್ಷವೂ ಒಳಕ್ಕೆ ತಿನ್ನುತ್ತದೆ. ಅದನ್ನು ಆರಿಸಲು ಹಸಿ ಸೊಪ್ಪಿನ ಕಟ್ಟು ಹಿಡಿದು ಓಡುವವರು ಅರಣ್ಯ ಇಲಾಖೆಯ ಕಾವಲುಗಾರರು ಮತ್ತು ಊರಿನ ಜನ. ಬೆಂಕಿ ಹಚ್ಚಿದವರು ಅಷ್ಟು ಹೊತ್ತಿಗೆ ಘಟ್ಟ ಇಳಿದಿರುತ್ತಾರೆ.

ನಮ್ಮ ಎರಡನೆಯ ರಾತ್ರಿ ಎಂಟು ಗಂಟೆಗೇ ಬೆಂಕಿಯನ್ನು ಆರಿಸಿದೆವು. ಕತ್ತಲಿಗೆ ಕಣ್ಣು ಒಗ್ಗಿದ ಮೇಲೆ ಆಕಾಶವು ಹತ್ತಿರಕ್ಕೆ ಬಂದಂತಾಯಿತು. ಕೃತ್ತಿಕೆಯ ಗೊಂಚಲನ್ನು ಎಲ್ಲರೂ ಗುರುತಿಸಿದರು. ಸ್ವಲ್ಪ ಹೊತ್ತಿನಲ್ಲಿ ಮಹಾವ್ಯಾಧನು ಪೂರ್ವದ ಬೆಟ್ಟದ ಹಿಂದಿನಿಂದ ಮೇಲೆದ್ದನು. ಪುಸ್ತಕದ ಚಿತ್ರದಲ್ಲಿ ಚುಕ್ಕಿಗಳಾಗಿದ್ದುವು ಅಂದು ನಕ್ಷತ್ರಗಳಾದುವೆಂದು ಒಬ್ಬ ಹುಡುಗ ಬರೆದ. ಆ ವರ್ಷದ ಪ್ರಬಂಧಗಳಲ್ಲಿ ನನಗೆ ನೆನಪಿರುವುದು ಆ ಒಂದು ವಾಕ್ಯವೇ.

ರಾತ್ರಿ ಗುಡಾರದಿಂದ ಯಾರೂ ಒಬ್ಬೊಬ್ಬರಾಗಿ ಹೊರಗೆ ಹೋಗಬಾರದೆಂದು ಗೌಡರು ಕಟ್ಟಪ್ಪಣೆ ಮಾಡಿದ್ದರು. ಕಾರಣ ಆನೆ. ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಆನೆಯೂ ಮನುಷ್ಯನೂ ಒಂದೇ ತೋಟದಲ್ಲಿ ಓಡಾಡಬೇಕಾಗಿ ಬಂದಿದೆ. 2014ರಲ್ಲಿ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಕಾಡಾನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದರು. ಆ ಮೇಲೂ ಆನೆಗಳು ಬರುವುದು ನಿಂತಿಲ್ಲ. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನನ್ನು ನೀವು ಬಲ್ಲಿರಿ. 2023ರ ಡಿಸೆಂಬರ್ 4ರಂದು, ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಒಂದು ಒಂಟಿ ಸಲಗದೊಡನೆ ಕಾದಾಡಿ ಅವನು ಮಡಿದದ್ದು ಇದೇ ತಾಲ್ಲೂಕಿನ ಯಸಳೂರು ವಲಯದ ದಬ್ಬಳ್ಳಿಕಟ್ಟೆಯ ಬಳಿ. ಅಂಥ ಆನೆಗೇ ಅಳವಲ್ಲದ ಕಾಡಿನಲ್ಲಿ ಟಾರ್ಚು ಹಿಡಿದ ಹುಡುಗನ ಪಾಡೇನು? ಊರಿನವರು ಇಂದು ಇಂಥ ಕಡೆ ಆನೆ ಇದೆಯೆಂದರೆ, ಆ ದಿನದ ನಡಿಗೆಯನ್ನು ಬಿಟ್ಟುಬಿಡುವುದೇ ಸರಿ.

ಇತ್ತೀಚಿನ ವರ್ಷಗಳಲ್ಲಿ ವಾರದ ಕೊನೆಯ ಎರಡು ದಿನಗಳಲ್ಲಿ ಈ ಬೆಟ್ಟಗಳಿಗೆ ಬರುವವರ ಸಂಖ್ಯೆ ಬಹಳ ಬೆಳೆದಿದೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ನೆರೆದುದನ್ನು ಕಂಡು ಸರ್ಕಾರವು ಚಾರಣವನ್ನು ಕೆಲಕಾಲ ತಡೆಯಿತು. ಬಳಿಕ ಅಂತರಜಾಲದಲ್ಲಿ ಮುಂಗಡವಾಗಿ ಹೆಸರು ನೋಂದಾಯಿಸಿದ ಮಿತವಾದ ಜನರಿಗೆ ಮಾತ್ರ ಅವಕಾಶವೆಂದು ಗೊತ್ತುಮಾಡಿತು. ಇದು ಒಳ್ಳೆಯ ಏರ್ಪಾಡು. ಒಂದು ಮನೆಗೆ ಒಮ್ಮೆಗೇ ಸಾವಿರ ಮಂದಿ ನೆಂಟರು ಬಂದರೆ ಮನೆಯವರ ಗತಿ ಏನಾದೀತು? 50ಕ್ಕೂ ಹೆಚ್ಚು ಸುರಂಗಗಳೂ 100ಕ್ಕೂ ಹೆಚ್ಚು ಸೇತುವೆಗಳೂ ಇರುವ ಇಲ್ಲಿನ ರೈಲು ಹಾದಿಯ ಮೇಲೆ ನಡೆಯುವುದು ಹಿಂದೆ ತರುಣರಿಗೆ ದೊಡ್ಡ ಸಾಹಸವಾಗಿತ್ತು. ಸೇತುವೆಯ ನಡುವೆ ಗಾಡಿ ಬಂದರೆ ಸರಿಯಲು ಜಾಗವಿಲ್ಲ. ಅದು ನಿಷಿದ್ಧವಾಗಿದೆ, ಆದರೂ ಕದ್ದು ನಡೆಯುವವರಿದ್ದಾರೆ.

ಮೂರನೆಯ ದಿನ ಬೆಳಗ್ಗೆ ಬಿಡಾರವನ್ನು ಎತ್ತಿದೆವು. ಗುಣಿಗಳನ್ನು ಮುಚ್ಚಿ, ಕೆತ್ತಿದ್ದ ಹುಲ್ಲಿನ ಹೆಂಟೆಗಳನ್ನು ಮೊದಲಿದ್ದಂತೆಯೇ ಕೂರಿಸಿ ನೀರು ಹಾಕಿದೆವು. ತಂದಿದ್ದ ಕಾಗದ, ಪ್ಲಾಸ್ಟಿಕ್ ಎಲ್ಲವೂ ಒಂದು ಗೋಣಿಚೀಲದಲ್ಲಿ ನಮ್ಮೊಡನೆಯೇ ಹೊರಟಿತು. ಗೌಡರು ಬಂದು ಸುತ್ತಲೂ ಒಮ್ಮೆ ನೋಡಿ, “ಮುಂದಿನ ವರ್ಷವೂ ಬನ್ನಿ, ಮೇಷ್ಟ್ರೇ” ಎಂದರು. ಹಿಂದಿರುಗುವ ದಾರಿಯಲ್ಲಿ ಎರಡು ಕಡಲುಗಳ ಹೆಸರಿರುವ ಆ ಕಲ್ಲಿನ ಬಳಿ ಬಸ್ಸನ್ನು ನಿಲ್ಲಿಸಿದೆವು. ವಿದ್ಯಾರ್ಥಿಗಳು ಬಾಟಲಿಗಳಲ್ಲಿ ಉಳಿದಿದ್ದ ಹಳ್ಳದ ನೀರನ್ನು ಅರ್ಧ ಈ ಕಡೆಗೆ, ಅರ್ಧ ಆ ಕಡೆಗೆ ಹುಯ್ದರು. ಯಾವುದು ಮೊದಲು ಕಡಲನ್ನು ಮುಟ್ಟುತ್ತದೆಂದು ಒಬ್ಬ ಹುಡುಗಿ ಕೇಳಿದಳು. ಪಶ್ಚಿಮದ ದಾರಿ ಹತ್ತಿರದ್ದು ಎಂದರು ಕೆಲವರು. ಪೂರ್ವದ ನೀರನ್ನು ಗೊರೂರಿನ ಅಣೆಕಟ್ಟು ತಡೆದು ನಿಲ್ಲಿಸುತ್ತದೆ, ಅದು ಮಂಡ್ಯದ ಗದ್ದೆಯಲ್ಲಿಯೇ ಉಳಿದುಬಿಡಬಹುದು ಎಂದರು ಇನ್ನು ಕೆಲವರು. ಬಸ್ಸು ಸಕಲೇಶಪುರವನ್ನು ಮುಟ್ಟಿದರೂ ಅವರ ವಾದ ಮುಗಿದಿರಲಿಲ್ಲ.